ಮುಳ್ಳುತೊರಕೆ ಕಂಡ ರಾತ್ರಿ ನನ್ನ ಜೊತೆಗಿದ್ದವರು

ಕಂಡದ್ದನ್ನು ಕಂಡಷ್ಟೇ ಹೇಳುವುದು ನನ್ನ ಉದ್ಯೋಗ. ನಾನು ನೋಡಿದ ಮೀನಿನ ಮೈಮೇಲೆ ಇಲ್ಲದ ಚುಕ್ಕೆಯೊಂದನ್ನು ಸೇರಿಸಿ ಹೇಳಿದರೂ ನನ್ನ ಕೆಲಸ ಹೋಗುತ್ತದೆ. ಅಂಥವಳು ಈ ಸಂಗತಿಯನ್ನು ಒಂದು ಚುಕ್ಕೆಯನ್ನೂ ಸೇರಿಸದೆ ಬರೆಯುತ್ತಿದ್ದೇನೆ. ಭಯ ಹುಟ್ಟಿಸುವುದಕ್ಕಾಗಿ ಕಟ್ಟಿದ ಕಥೆ ಇದಲ್ಲ. ಹಾಗೆ ಕಟ್ಟುವುದು ನನಗೆ ತಿಳಿದಿದ್ದರೆ ಇಷ್ಟು ಹೊತ್ತಿಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆನೋ ಏನೋ...

ವಿಶಾಖಪಟ್ಟಣದ ಒಂದು ಖಾಸಗಿ ಸಮೀಕ್ಷಾ ಸಂಸ್ಥೆಯಲ್ಲಿ ನಾನು ಮೀನು ಗುರುತಿಸುವವಳು. ಕಡಲ ತಳದಲ್ಲಿ ಯಾರಾದರೂ ಕೊಳವೆ ಹಾಕುವ ಅಥವಾ ಗೋಡೆ ಕಟ್ಟುವ ಮುನ್ನ, ಅಲ್ಲಿ ಯಾವ ಮೀನುಗಳಿವೆ ಎಂಬುದನ್ನು ನಾವು ಸಿಲಿಂಡರ್ ಕಟ್ಟಿಕೊಂಡು ಮುಳುಗಿ ನೋಡಿ ಬರಬೇಕು. ನಾನು ಗಂಗಾವತಿಯ ಕಡೆಯವಳು. ಈಜು ಕಲಿತದ್ದು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

ಗಾಜುವಾಕದ ನನ್ನ ಬಾಡಿಗೆ ಕೋಣೆಗೆ ಅವ್ವ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು.

"ಮೀನ ನೋಡಾಕ ಪಗಾರ ಕೊಡ್ತಾರಂದ್ರ ಓಣ್ಯಾಗ ಯಾರೂ ನಂಬವಲ್ರು ನೋಡವಾ. ಹಿಡ್ಯಾಕ ಅಲ್ಲ, ಬರೇ ನೋಡಾಕ?"

"ಬರೇ ನೋಡಾಕ ಬೇ."

"ಹಂಗಾರ ಛಲೋತ್ನ್ಯಾಗ ನೋಡು. ನೌಕರಿ ಕಾಯಂ ಆಗೂತನ ತಪ್ಪು ನೋಡಬ್ಯಾಡ."

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಈ ವರ್ಷದ ಸಮೀಕ್ಷೆಯ ಫಲಿತಾಂಶದ ಮೇಲೆಯೇ ಅದು ನಿಂತಿತ್ತು. ಕಾಯಂ ಆಗದಿದ್ದರೆ ಊರಿಗೆ ಹಿಂತಿರುಗಬೇಕು, ಓಣಿಯವರ ಎದುರು ಅಪ್ಪ ತಲೆ ತಗ್ಗಿಸಿ ನಡೆಯಬೇಕು. ನನಗೆ ಸಮುದ್ರದ ಭಯವಿರಲಿಲ್ಲ. ಇದ್ದದ್ದು ಈ ಭಯ ಮಾತ್ರ.

ನಮ್ಮ ಸಂಸ್ಥೆಯಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಇಬ್ಬರು ಜೊತೆಯಾಗಿ ಮುಳುಗಬೇಕು. ಒಬ್ಬರು ಕಂಡ ಮೀನನ್ನು ಇನ್ನೊಬ್ಬರೂ ಕಾಣಬೇಕು. ಅನಂತರ ವಿಜಯವಾಡದ ಮುಖ್ಯ ಕಚೇರಿಯಲ್ಲಿ ತಜ್ಞರು ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ವಿಚಾರಿಸುತ್ತಾರೆ. ಇಬ್ಬರ ಮಾತೂ ಹೊಂದಿದರೆ ಆ ಮೀನು ಇದೆ. ಹೊಂದದಿದ್ದರೆ ಆ ಮೀನು ಇಲ್ಲ. ಒಬ್ಬರೇ ಕಂಡ ಮೀನು ಅವರ ಪಾಲಿಗೆ ಹುಟ್ಟಿಯೇ ಇಲ್ಲ.

ನೀರಿನೊಳಗೆ ಮಾತಿಲ್ಲ. ಎಲ್ಲವೂ ಕೈಸನ್ನೆ. ಕತ್ತಲಾದ ಮೇಲೆ ಟಾರ್ಚಿನ ಸನ್ನೆ. ಜೊತೆಗಾರ ಬೆಳಕಿನಿಂದ ಒಂದು ವೃತ್ತ ಬರೆದರೆ 'ಎಲ್ಲ ಸರಿಯೇ?' ಎಂದು ಕೇಳಿದ ಹಾಗೆ. ನಾವೂ ವೃತ್ತ ಬರೆದು 'ಸರಿ' ಎನ್ನಬೇಕು. ಉತ್ತರ ಬಾರದಿದ್ದರೆ ಕೇಳಿದವರು ತಾವೇ ಹತ್ತಿರ ಬಂದು ನೋಡಬೇಕು. ಮುಳುಗುವವರು ಮೊದಲ ದಿನ ಕಲಿಯುವ ನಿಯಮವಿದು.

ನನಗೆ ಅದನ್ನು ಕಲಿಸಿದವರು ಸತ್ಯಂ ಸರ್. ನಮ್ಮ ತಂಡದ ಮುಖ್ಯಸ್ಥರು, ಡಾಕ್ಟರೇಟ್ ಪಡೆದವರು. ಮಂಗಳೂರಿನಲ್ಲಿ ಓದಿದ್ದರಿಂದ ನನ್ನೊಡನೆ ಕನ್ನಡದಲ್ಲಿಯೇ ಮಾತನಾಡುತ್ತಿದ್ದರು. ಹಲ್ಲುನೋವಿಗೆಂದು ಸದಾ ಬಾಯಲ್ಲಿ ಒಂದು ಲವಂಗ. ಎಡಗೈಯ ಕಿರುಬೆರಳಿನ ತುದಿ ದೋಣಿಯ ಹಗ್ಗಕ್ಕೆ ಸಿಕ್ಕಿ ಹೋಗಿತ್ತು. ಆದ್ದರಿಂದ ಅವರ ಕೈಗವಸಿನಲ್ಲಿ ಆ ಬೆರಳಿನ ತುದಿ ಮಾತ್ರ ಖಾಲಿಯಾಗಿ ಜೋತಾಡುತ್ತಿತ್ತು. ಟಾರ್ಚಿನಿಂದ ವೃತ್ತ ಬರೆಯುವಾಗಲೂ ಅವರದೊಂದು ರೂಢಿಯಿತ್ತು. ನಿಧಾನವಾಗಿ ಬರೆದು, ಕೂಡುವ ಜಾಗದಲ್ಲಿ ಒಂದು ಕ್ಷಣ ತಡೆದು, ಆಮೇಲೆ ಮುಚ್ಚುತ್ತಿದ್ದರು.

"ರೇಣುಕಾ ಗಾರು, ತೊರಕೆ ಕಂಡ ಕೂಡಲೇ ಎಲ್ಲರೂ ಬಾಲ ನೋಡ್ತಾರೆ. ಮುಳ್ಳು ಅಲ್ಲಿರುತ್ತಲ್ಲ, ಅದಕ್ಕೆ ಭಯ," ಎನ್ನುತ್ತಿದ್ದರು, ಮರಳಿನಲ್ಲಿ ಹುದುಗುವ ಆ ಚಪ್ಪಟೆ ಮೀನಿನ ಬಗ್ಗೆ. "ನೀವು ಮೊದಲು ಬೆನ್ನು ನೋಡಿ. ಮೈ ದುಂಡಗಿದೆಯಾ, ಮೂಲೆ ಮೂಲೆಯಾಗಿದೆಯಾ, ಚುಕ್ಕೆ ಇದೆಯಾ... ಆಮೇಲೆ ಬಾಲ. ಭಯಪಟ್ಟವರಿಗೆ ಮೀನಿನ ಗುರುತು ಸಿಗಲ್ಲಮ್ಮಾ."

ಹಿಂದಿನ ವರ್ಷ ಋಷಿಕೊಂಡದ ಆಚೆ, ಸಮುದ್ರದ ನಡುವಿನ ಒಂದು ಬಂಡೆಸಾಲಿನ ಬುಡದಲ್ಲಿ ಅವರು ಮುಳ್ಳುತೊರಕೆಯನ್ನು ಕಂಡಿದ್ದರು. ಅದು ಬಹಳ ಅಪರೂಪದ್ದು. ಉಳಿದ ತೊರಕೆಗಳಿಗೆ ಬಾಲದಲ್ಲಿ ವಿಷದ ಮುಳ್ಳು ಇರುತ್ತದೆ. ಇದರ ಬಾಲದಲ್ಲಿ ಏನೂ ಇಲ್ಲ, ಬೆನ್ನ ತುಂಬ ಮುಳ್ಳು. ಆದರೆ ಅಂದು ಅವರ ಜೊತೆಗಾರ ಚಳಿ ತಾಳಲಾರದೆ ಮೊದಲೇ ಮೇಲೆ ಹೋಗಿದ್ದ. ವಿಜಯವಾಡದಲ್ಲಿ ಸತ್ಯಂ ಸರ್ ಮಾತನ್ನು ಒಪ್ಪಲಿಲ್ಲ. ವಯಸ್ಸಾಯಿತು, ಕಣ್ಣು ಮಂಜಾಗಿದೆ, ಹೆಸರಿಗಾಗಿ ಕತೆ ಕಟ್ಟುತ್ತಾರೆ ಎಂದು ಕಚೇರಿಯಲ್ಲಿ ನಗೆಯಾಡಿದರು. ನಗುವವರ ಎದುರಿಗೆ ನಾನೂ ಕುಳಿತಿದ್ದೆ. ನೌಕರಿ ಕಾಯಂ ಆಗದವಳು, ಏನು ಹೇಳಲಿ?

ಮರುವಾರ ಅವರು ಅದೇ ಬಂಡೆಯ ಬಳಿ ಮತ್ತೊಮ್ಮೆ ನೋಡಿ ಬರುತ್ತೇನೆಂದು ಒಬ್ಬರೇ ಮುಳುಗಿದರು.

ಮೇಲೆ ಬರಲಿಲ್ಲ. ದೇಹ ಸಿಗಲಿಲ್ಲ. ನಿಯಮ ಮೀರಿ ಒಂಟಿಯಾಗಿ ಹೋದರು ಎಂಬ ಒಂದು ಸಾಲಿನಲ್ಲಿ ಸಂಸ್ಥೆ ಅವರನ್ನು ಮುಗಿಸಿತು.

ಈ ವರ್ಷ, ಅಲ್ಲಿ ಕೊಳವೆ ಹಾಕುವ ಮುಂಚಿನ ಸಮೀಕ್ಷೆಗೆಂದು ಅದೇ ಬಂಡೆಸಾಲಿಗೆ ನಮ್ಮನ್ನು ಕಳುಹಿಸಿದರು. ತೊರಕೆಗಳು ಮರಳಿನಿಂದ ಎದ್ದು ಆಹಾರಕ್ಕೆ ಹೊರಡುವುದು ಕತ್ತಲಾದ ಮೇಲೆ. ಆದ್ದರಿಂದ ಸೂರ್ಯ ಮುಳುಗುವ ಹೊತ್ತಿಗೆ ದೋಣಿ ಹೊರಟಿತು. ದೋಣಿ ನಡೆಸುವವರು ಅಪ್ಪಲರಾಜು ಗಾರು. ನನ್ನ ಜೊತೆಗಾರ ಪ್ರಶಾಂತ, ಕುಂದಾಪುರದ ಕಡೆಯ ಹುಡುಗ, ನನ್ನ ಓರಗೆಯವನು. ಕ್ಯಾಮೆರಾ ಹಿಡಿಯುವುದು ಅವನ ಕೆಲಸ, ಗುರುತಿಸುವುದು ನನ್ನದು. ಆದರೆ ಕತ್ತಲ ನೀರಿನ ಚಿತ್ರಗಳಲ್ಲಿ ಮೀನಿನ ಗುರುತು ಹತ್ತುವುದಿಲ್ಲವೆಂದು ವಿಜಯವಾಡದವರು ಕಣ್ಣಾರೆ ಕಂಡ ಸಾಕ್ಷಿಯನ್ನೇ ಕೇಳುತ್ತಾರೆ.

"ಎಂತ ಮಾರಾಯ್ತಿ, ಮುಖ ಹಾಗೆ ಮಾಡಿದ್ದೀಯಲ್ಲ?" ಎಂದು ಅವನು ಕೆಣಕಿದ. "ನಮ್ಮಲ್ಲಿ ತೊರಕೆ ಗುರುತು ಹಿಡಿಯುವುದು ಕಣ್ಣಲ್ಲ, ನಾಲಿಗೆ. ನನ್ನ ಅಮ್ಮನ ಎದುರು ಒಂದು ಚಟ್ಟಿ ಸಾರು ಇಡು, ಯಾವ ಜಾತಿಯ ತೊರಕೆ ಅಂತ ಹೇಳ್ತಾರೆ."

"ವಿಜಯವಾಡಕ್ಕೆ ಅವರನ್ನೇ ಕಳಿಸೋಣ," ಎಂದೆ.

"ಕಳಿಸಬಹುದಿತ್ತು. ಆದ್ರೆ ಅವರು ಸಾಕ್ಷಿ ಉಳಿಸುದಿಲ್ಲ ಅಲ್ವಾ?"

ಅಪ್ಪಲರಾಜು ಗಾರು ನಗಲಿಲ್ಲ. ಬಂಡೆಸಾಲು ಹತ್ತಿರವಾದಾಗ ಎಂಜಿನ್ ನಿಲ್ಲಿಸಿ, ಸಿಂಹಾಚಲದ ದೇವರ ದಿಕ್ಕಿಗೆ ತಿರುಗಿ "ಅಪ್ಪನ್ನಾ..." ಎಂದು ಕೈಮುಗಿದರು. ಡೀಸೆಲ್ ವಾಸನೆ ಗಾಳಿಯಲ್ಲಿ ನಿಂತಿತ್ತು. ದೂರದಲ್ಲಿ ಊರಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.

"ಜಾಗ್ರತ್ತಮ್ಮಾ," ಎಂದರು ಅವರು, ಮೆಲ್ಲಗೆ.

ಲಂಗರಿನ ಹಗ್ಗ ಹಿಡಿದು ಇಬ್ಬರೂ ಇಳಿದೆವು. ಮೊದಲು ನಾನು, ಹಿಂದೆ ಪ್ರಶಾಂತ.

ಕತ್ತಲ ನೀರಿನಲ್ಲಿ ಜೊತೆಗಾರನಿಗೆ ಮುಖವಿರುವುದಿಲ್ಲ. ಕಪ್ಪು ಉಡುಪು, ಕಪ್ಪು ಮಾಸ್ಕ್, ಎಲ್ಲರೂ ಒಂದೇ. ಪಕ್ಕದಲ್ಲಿ ಒಂದು ಟಾರ್ಚಿನ ಬೆಳಕು ಇದೆಯೆಂದರೆ ಜೊತೆಗಾರ ಇದ್ದಾನೆ ಎಂದೇ ನಾವು ತಿಳಿಯುತ್ತೇವೆ. ನನ್ನ ಬಲಗಡೆ ಬೆಳಕು ಇತ್ತು. ನಾನು ಮತ್ತೆ ತಿರುಗಿ ನೋಡಲಿಲ್ಲ.

ಕಿವಿಯಲ್ಲಿ ನನ್ನದೇ ಉಸಿರಿನ ಗೊರಗೊರ. ಬಂಡೆಯ ಸಂದುಗಳಿಂದ ಸೀಗಡಿಗಳು ಚಟಚಟ ಸದ್ದು ಮಾಡುತ್ತಿದ್ದವು, ಒಣಕಡ್ಡಿ ಮುರಿದಂತೆ. ಕೆಂಪು ಮೈಯ ದೊಡ್ಡ ಕಣ್ಣಿನ ಅಳಿಲುಮೀನುಗಳು ಎಚ್ಚರವಾಗಿದ್ದವು. ಗಿಳಿಮೀನೊಂದು ತನ್ನ ಸುತ್ತ ಲೋಳೆಯ ಪರದೆ ಕಟ್ಟಿಕೊಂಡು ಮಲಗಿತ್ತು. ಹಾವುಮೀನು ಬಿಲದಿಂದ ತಲೆ ಹೊರಹಾಕಿ ಬಾಯಿ ತೆರೆದು ಮುಚ್ಚುತ್ತಿತ್ತು. ಒಂದೊಂದನ್ನೂ ಮನಸ್ಸಿನಲ್ಲಿ ಹೆಸರು ಹಿಡಿದು ಕರೆಯುತ್ತ ಮುಂದೆ ಹೋದೆ. ಹೆಸರು ಗೊತ್ತಿರುವಷ್ಟು ಹೊತ್ತು ನನಗೆ ಧೈರ್ಯವಿರುತ್ತದೆ.

ಮರಳಿನ ಮೇಲೆ ಒಂದು ತೊರಕೆ ಕಂಡಿತು. ಬೆನ್ನಿನ ಮೇಲೆ ನೀಲಿ ಚುಕ್ಕೆಗಳು, ಕಣ್ಣುಗಳ ನಡುವೆ ಪಟ್ಟಿ ಕಟ್ಟಿದಂಥ ಕಪ್ಪು ಗುರುತು. ಸಾಮಾನ್ಯವಾದದ್ದೇ. ಪಕ್ಕದ ಬೆಳಕು ಅದರ ಮೇಲೆ ಅರೆಕ್ಷಣವೂ ನಿಲ್ಲಲಿಲ್ಲ. ಮುಂದಕ್ಕೆ ಸರಿಯಿತು, ಬಾ ಎಂಬಂತೆ.

ಆಗಲೇ ನನ್ನ ಬಾಯಿಗೆ ರುಚಿಯೊಂದು ತಾಗಿತು. ಸಿಲಿಂಡರಿನ ಗಾಳಿಗೆ ರಬ್ಬರಿನ ರುಚಿ ಇರುತ್ತದೆ, ಅದು ನನಗೆ ಅಭ್ಯಾಸವಾಗಿದೆ. ಇದು ಅದಲ್ಲ. ನಾಲಿಗೆಯ ತುದಿ ಚುರುಗುಟ್ಟಿ ಮರಗಟ್ಟುವಂಥ ರುಚಿ...

ಲವಂಗ.

ಬೆಳಕು ಬಂಡೆಯ ತಿರುವಿನಲ್ಲಿ ನಿಂತು, ಮರಳಿನ ಒಂದು ದಿಬ್ಬದ ಮೇಲೆ ಬಿತ್ತು. ದಿಬ್ಬ ಉಸಿರಾಡಿತು. ಎರಡು ಕಣ್ಣುಗಳು, ಅವುಗಳ ಹಿಂದೆ ತೆರೆದು ಮುಚ್ಚುವ ಎರಡು ರಂಧ್ರಗಳು. ಬೆನ್ನು ನೋಡಿದೆ, ಮೊದಲು ಬೆನ್ನು. ದುಂಡಗಿನ ದಪ್ಪ ಮೈ. ಮೈತುಂಬ ಬಿಳಿಚಿದ ಮುಳ್ಳುಗಳು. ಎಡ ಅಂಚಿನಲ್ಲಿ ಯಾವುದೋ ಕಚ್ಚಿ ತೆಗೆದಂತೆ ಅರ್ಧಚಂದ್ರಾಕಾರದ ಕೊರೆ. ಆಮೇಲೆ ಬಾಲ. ಬಾಲದಲ್ಲಿ ಮುಳ್ಳಿಲ್ಲ.

ಸತ್ಯಂ ಸರ್ ಕಂಡ ಮೀನು. ಅದು ಇತ್ತು. ಅಲ್ಲಿಯೇ ಇತ್ತು.

ಸಂತೋಷದಿಂದ ಪ್ರಶಾಂತನ ಕಡೆ ತಿರುಗಿದೆ. ಬೆಳಕಿನ ಹಿಂದಿನಿಂದ ಎರಡು ಕೈಗಳು ಮುಂದೆ ಬಂದವು. ಒಂದರ ಮೇಲೊಂದು ಚಪ್ಪಟೆಯಾಗಿ ಕೂತವು. ಅದು ತೊರಕೆಯ ಸನ್ನೆ. ಮೇಲಿದ್ದದ್ದು ಎಡಗೈ. ಅದರ ಕಿರುಬೆರಳಿನ ತುದಿಯಲ್ಲಿ ಕೈಗವಸು ಖಾಲಿಯಾಗಿತ್ತು... ನೀರಿನ ಸೆಳೆತಕ್ಕೆ ಪಾಚಿಯ ಎಳೆಯಂತೆ ಅತ್ತಿತ್ತ ಜೋತಾಡುತ್ತಿತ್ತು.

ಪ್ರಶಾಂತನ ಕೈಗವಸು ಅವನಿಗೆ ದೊಡ್ಡದಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಿರುವಾಗಲೇ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನನ್ನ ಉಸಿರಿನ ಗುಳ್ಳೆಗಳು ಸಾಲಾಗಿ ಮೇಲೇರುತ್ತಿದ್ದವು. ಆ ಬೆಳಕಿನ ಮೇಲ್ಗಡೆ ನೀರು ಸ್ತಬ್ಧವಾಗಿತ್ತು. ಒಂದು ಗುಳ್ಳೆಯೂ ಇಲ್ಲ.

ಬೆಳಕು ನಿಧಾನವಾಗಿ ವೃತ್ತ ಬರೆಯಿತು. ಕೂಡುವ ಜಾಗದಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ಮುಚ್ಚಿಕೊಂಡಿತು.

ನನ್ನ ಕೈ ತಾನಾಗಿಯೇ ಎದ್ದು ವೃತ್ತ ಬರೆಯಿತು. ಸರಿ. ಎಲ್ಲ ಸರಿ.

ಹಗ್ಗದವರೆಗೆ ಹೇಗೆ ಬಂದೆನೋ ತಿಳಿಯದು. ಏರುವಾಗ ಕೆಳಗೆ ನೋಡಿದೆ. ಬೆಳಕು ಮರಳಿನ ಮೇಲೆ ನಿಂತೇ ಇತ್ತು, ನನ್ನ ಹಿಂದೆ ಬರಲಿಲ್ಲ.

ನೀರಿನಿಂದ ತಲೆ ಎತ್ತಿದಾಗ ದೋಣಿಯ ಅಂಚಿನಲ್ಲಿ ಟವೆಲ್ ಹೊದ್ದು ಪ್ರಶಾಂತ ಕುಳಿತಿದ್ದ. ಅವನ ಕೂದಲು ಆಗಲೇ ಒಣಗಿತ್ತು.

"ನೀನು... ಯಾವಾಗ ಬಂದೆ?"

"ಇಳಿಯುವಾಗಲೇ ಕಿವಿ ಹಿಡೀತು ಮಾರಾಯ್ತಿ, ಒಡೆದೇ ಹೋಗ್ತದೆ ಅನ್ನುವಷ್ಟು ನೋವು. ಸನ್ನೆ ಮಾಡಿ ಹೇಳಿದೆ, ನೀನು ಸರಿ ಅಂದಿ. ಹತ್ತಿ ಬಂದು ಕೂತೆ." ಅವನು ಧ್ವನಿ ತಗ್ಗಿಸಿದ. "ನಿನ್ನನ್ನು ಒಂಟಿ ಬಿಟ್ಟೆ ಅಂತ ಅಲ್ಲಿ ಹೇಳಬೇಡ, ದಮ್ಮಯ್ಯ. ಇಬ್ಬರದ್ದೂ ಕೆಲಸ ಹೋಗ್ತದೆ."

ಅವನ ಸನ್ನೆಯನ್ನು ನಾನು ನೋಡಿಯೇ ಇರಲಿಲ್ಲ.

ಅಪ್ಪಲರಾಜು ಗಾರು ನನ್ನ ಸಿಲಿಂಡರ್ ಬಿಚ್ಚಲು ಬರಲಿಲ್ಲ. ದೋಣಿಯ ಅಂಚಿನಿಂದ ಬಾಗಿ ನೀರನ್ನೇ ದಿಟ್ಟಿಸುತ್ತಿದ್ದರು. "ಇಂತಸೇಪು ಕಿಂದ ರೆಂಡು ಲೈಟ್ಲಮ್ಮಾ," ಎಂದರು ಪಿಸುಮಾತಿನಲ್ಲಿ. ಇಷ್ಟು ಹೊತ್ತು ಕೆಳಗೆ ಎರಡು ದೀಪ ಇದ್ದವು. "ಈ ಬಾಬು ಇಕ್ಕಡೇ ಉನ್ನಾಡು. ರೆಂಡೋದಿ ಎವರಿದಿ?"

ಈ ಹುಡುಗ ಇಲ್ಲಿಯೇ ಇದ್ದಾನೆ, ಎರಡನೆಯದು ಯಾರದು ಎಂದು ಅವರು ಕೇಳಿದ್ದು ನನ್ನನ್ನೋ ನೀರನ್ನೋ ಗೊತ್ತಾಗಲಿಲ್ಲ. ಉತ್ತರಕ್ಕೆ ಕಾಯದೆ ಎಂಜಿನ್ ಶುರು ಮಾಡಿದರು. ದಡ ಸೇರುವವರೆಗೆ ಹಿಂತಿರುಗಿ ನೋಡಲಿಲ್ಲ.

ವಿಚಾರಣೆಗೆ ವಿಜಯವಾಡದಿಂದ ಕರೆ ಬಂತು. ರೈಲಿನಲ್ಲಿ ಎದುರುಬದುರು ಕುಳಿತಿದ್ದಾಗ ಪ್ರಶಾಂತನಿಗೆ ಇಷ್ಟು ಮಾತ್ರ ಹೇಳಿದೆ: "ನಾನು ಮುಳ್ಳುತೊರಕೆ ಕಂಡೆ. ನೀನು ಕಂಡೆ ಎಂದು ಸುಳ್ಳು ಹೇಳು ಎಂದು ನಾನು ಕೇಳುವುದಿಲ್ಲ."

"ಗೊತ್ತು ಮಾರಾಯ್ತಿ," ಎಂದು ಅವನು ಕಡಲೆಕಾಯಿಯ ಸಿಪ್ಪೆ ಬಿಡಿಸುತ್ತ ಹೇಳಿದ. "ನಾನು ನೋಡ್ಕೊಳ್ತೇನೆ."

ಅದನ್ನು ಸಮಾಧಾನದ ಮಾತೆಂದು ತಿಳಿದೆ.

ವಿಜಯವಾಡದಲ್ಲಿ ವಿಚಾರಿಸುವ ತಜ್ಞರು ದೇಶಪಾಂಡೆ ಸರ್. ಧಾರವಾಡದ ಕಡೆಯವರು, ನಿವೃತ್ತ ಪ್ರಾಧ್ಯಾಪಕರು. ಸತ್ಯಂ ಸರ್ ಮಾತನ್ನು ತಳ್ಳಿಹಾಕಿದವರೂ ಇವರೇ. ಮೊದಲು ನನ್ನನ್ನು ಒಳಗೆ ಕರೆದರು. ಕಂಡ ಮೀನುಗಳನ್ನೆಲ್ಲ ಕ್ರಮವಾಗಿ ಹೇಳಿದೆ. ಒಂದಕ್ಷರ ತಪ್ಪದಂತೆ, ತೊದಲದಂತೆ.

"ಭಾಳ ಶುದ್ಧ ಮಾತಾಡ್ತೀರಿ ನೋಡ್ರಿ," ಎಂದು ಅವರು ನಕ್ಕರು. "ನಿಮ್ಮ ಮಂದ್ಯಾಗ ಇಷ್ಟ ಛಲೋ ಮಾತಾಡೂದು ಅಪರೂಪ. ಈ ನಿಮ್ಮ ಮೀನ ಇದ್ಧಂಗ."

ನಾನೂ ನಕ್ಕೆ. ನಗಬೇಕಾಗಿತ್ತು.

"ಅದನ್ನ ನೋಡುವಾಗ ನಿಮ್ಮ ಜೋಡಿ ಇದ್ರಿಲ್ಲೋ?"

ಇಲ್ಲ ಎಂದರೆ ಆ ಮೀನೂ ಇಲ್ಲ, ನನ್ನ ನೌಕರಿಯೂ ಇಲ್ಲ. ಇದ್ದವರು ಯಾರೆಂದು ಹೇಳಿದರೆ ನನಗೆ ಹುಚ್ಚು ಎನ್ನುತ್ತಾರೆ.

"ಜೊತೆಗಾರರು ಇದ್ದರು, ಸರ್," ಎಂದೆ.

ಅವರು ಹೆಸರು ಕೇಳಲಿಲ್ಲ.

ನನ್ನನ್ನು ಹೊರಗೆ ಕೂರಿಸಿ ಪ್ರಶಾಂತನನ್ನು ಕರೆದರು. ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಊರಿನ ಓಣಿ ಕಣ್ಣ ಮುಂದೆ ಬಂತು. ಬಾಗಿಲು ತೆರೆದಾಗ ದೇಶಪಾಂಡೆ ಸರ್ ತಾವೇ ಹೊರಗೆ ಬಂದು ಕೈ ಕುಲುಕಿದರು.

"ಇಬ್ಬರ ಮಾತೂ ಪಕ್ಕಾ ಕೂಡಿತು. ಎಡಕ್ಕ ಕಚ್ಚಿದ ಗುರುತಿನತನಾನೂ! ನಿಮ್ಮ ನೌಕರಿ ಕಾಯಂ ಅಂತ ಬರೀತೀನಿ. ಈ ಭಾಗದಾಗ ಮುಳ್ಳುತೊರಕಿ ಮೊದಲ ಕಂಡವರು ನೀವು."

"ಸರ್..." ಎಂದೆ. "ಮೊದಲು ಕಂಡವರು ಸತ್ಯಂ ಸರ್. ಅದೇ ಜಾಗದಲ್ಲಿ."

"ಅವರ ಒಬ್ಬರ ನೋಡಿದ್ರು. ಒಬ್ಬರ ನೋಡಿದ್ದು ಲೆಕ್ಕಕ್ಕಿಲ್ಲ, ನಿಮಗ ಗೊತ್ತಿಲ್ಲೇನು? ಈಗ ಅದನ್ನೆಲ್ಲ ಕೆದಕೂದು ಬ್ಯಾಡ್ರಿ."

"ಹಾಗಾದರೆ ಅಲ್ಲಿ ಕೊಳವೆ ಹಾಕುವುದು ನಿಲ್ಲುತ್ತದೆಯೇ, ಸರ್?"

"ಒಂದ ಮೀನದ ಸಲುವಾಗಿ ಕೊಳವಿ ನಿಂದ್ರತಾವೇನ್ರಿ? ನಾಕ ಮಾರು ಆಚೆ ಸರಸ್ತಾರ, ಅಷ್ಟ."

ಕೈಮುಗಿದು ಹೊರಬಂದೆ. ಅವ್ವನಿಗೆ ಫೋನು ಮಾಡಿದೆ. ಅತ್ತ ಕಡೆ ಅಪ್ಪ ಯಾರಿಗೋ ಕೂಗಿ ಹೇಳುವುದು ಕೇಳಿಸಿತು. ಆ ಸಂತೋಷದ ಕೂಗು ನನ್ನ ಕಿವಿಗೆ ಕಹಿಯಾಗಿ ಬಿತ್ತು. ಇನ್ನೊಬ್ಬರ ಊಟದ ಎಲೆಯ ಮುಂದೆ ಕುಳಿತಂತಾಗಿತ್ತು ನನಗೆ.

ವಾಪಸು ರೈಲು ಹತ್ತುವುದಕ್ಕೆ ಸಮಯವಿತ್ತು. ಕೃಷ್ಣಾ ನದಿಯ ದಡದ ಮೆಟ್ಟಿಲುಗಳ ಮೇಲೆ ಹೋಗಿ ಕುಳಿತೆವು. ಕತ್ತಲು ಇಳಿಯುತ್ತಿತ್ತು. ದೂರದ ಇಬ್ರಾಹಿಂಪಟ್ನಂ ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳ ಕೆಂಪು ದೀಪಗಳು ಮಿಣುಕುತ್ತಿದ್ದವು. ಆಗ ಪ್ರಶಾಂತನನ್ನು ಕೇಳಿದೆ.

"ಎಡ ಅಂಚಿನ ಕೊರೆಯ ವಿಷಯ ನಾನು ನಿನಗೆ ಹೇಳಿರಲಿಲ್ಲ. ನಿನಗೆ ಹೇಗೆ ತಿಳಿಯಿತು?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನೀನೇ ಹೇಳಿದ್ದಲ್ವಾ!"

"ಯಾವಾಗ?"

"ನಾನು ಕಿವಿ ನೋವಂತ ಹಗ್ಗ ಹಿಡ್ಕೊಂಡು ನಿಂತಿದ್ದೆನಲ್ಲ, ಆಗ ನೀನು ಕೆಳಗಿಂದ ಬಂದಿ. ತೊರಕೆ ಅಂತ ಸನ್ನೆ ಮಾಡಿದಿ. ಬೆರಳು ನೆಟ್ಟಗೆ ಮಾಡಿ ಬೆನ್ನಲ್ಲಿ ಮುಳ್ಳು ಅಂದಿ. ಎಡಗಡೆ ಕಚ್ಚಿದೆ ಅಂತ ತೋರಿಸಿದಿ. ವೃತ್ತ ಬರೆದಿ. ಪುನಃ ಕೆಳಗೆ ಹೋದಿ. ಅಷ್ಟು ಬೇಗ ಸಿಕ್ತಾ ಅಂತ ನನಗೇ ಆಶ್ಚರ್ಯ."

ಅವನು ಹಗ್ಗ ಹಿಡಿದು ನಿಂತಿದ್ದಾಗ ನಾನಿನ್ನೂ ಮರಳನ್ನೇ ಮುಟ್ಟಿರಲಿಲ್ಲ. ಆ ಮೀನನ್ನು ನಾನಿನ್ನೂ ಕಂಡಿರಲಿಲ್ಲ.

"ಕೈಗವಸು..." ಎಂದೆ. "ಎಡಗೈಯ ಕಿರುಬೆರಳು..."

ಪ್ರಶಾಂತನ ಕೈ ಕಡಲೆಕಾಯಿಯ ಪೊಟ್ಟಣದಲ್ಲಿಯೇ ನಿಂತಿತು. ಅವನೂ ಸತ್ಯಂ ಸರ್ ಬಳಿಯೇ ಕಲಿತವನು. ಪೊಟ್ಟಣ ಕೆಳಗಿಟ್ಟು ತನ್ನ ಎಡಗೈಯ ಕಿರುಬೆರಳಿನ ತುದಿಯನ್ನು ಒತ್ತಿ ನೋಡಿಕೊಂಡ. "ಏಳು, ಹೋಗುವ," ಎಂದ ಕೊನೆಗೆ.

ಏಳುವಾಗ ನದಿಯ ಕಡೆ ಕಣ್ಣು ಹೋಯಿತು.

ದಡದಿಂದ ಸ್ವಲ್ಪ ದೂರದಲ್ಲಿ, ನೀರಿನ ಅಡಿಯಲ್ಲಿ ಒಂದು ಮಬ್ಬು ಬೆಳಕು. ಮೀನು ಹಿಡಿಯುವವರ ದೀಪವಿರಬಹುದು. ಚಿಮಣಿಯ ದೀಪದ ಪ್ರತಿಬಿಂಬವೂ ಇರಬಹುದು. ಆದರೆ ಅಲ್ಲಿ ದೋಣಿ ಇರಲಿಲ್ಲ, ಬೆಳಕಿಗೆ ಕೆಂಪು ಬಣ್ಣವೂ ಇರಲಿಲ್ಲ. ಅದು ನಿಧಾನವಾಗಿ ತಿರುಗುತ್ತಿತ್ತು. ಕೂಡುವ ಜಾಗದಲ್ಲಿ ಒಂದು ಕ್ಷಣ ತಡೆದು... ಮುಚ್ಚಿಕೊಂಡಿತು.

ಎಲ್ಲ ಸರಿಯೇ?

ನನ್ನ ಕೈಯಲ್ಲಿ ಮೊಬೈಲು ಇತ್ತು, ಅದರಲ್ಲಿ ದೀಪವೂ ಇತ್ತು. ಒಂದು ವೃತ್ತ ಬರೆದಿದ್ದರೆ ಸಾಕಾಗುತ್ತಿತ್ತು. ಅವರ ಮೀನು ನನ್ನ ಹೆಸರಿಗೆ ಹೋಗಿ ಇನ್ನೂ ಒಂದು ಹಗಲು ಕಳೆದಿರಲಿಲ್ಲ. ಯಾವ ಬಾಯಿಂದ ಸರಿ ಎನ್ನಲಿ? ಕೈ ಏಳಲಿಲ್ಲ. ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿದೆ.

ಗಾಜುವಾಕದ ಕೋಣೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಉತ್ತರ ಬಾರದಿದ್ದರೆ ಕೇಳಿದವರು ಏನು ಮಾಡಬೇಕು ಎಂಬುದು ನಮ್ಮ ಮೊದಲ ದಿನದ ಪಾಠ. ಸತ್ಯಂ ಸರ್ ಯಾವ ನಿಯಮವನ್ನೂ ಮರೆಯುವವರಲ್ಲ.

ಎರಡು ದಿನಗಳಿಂದ ನಲ್ಲಿಯ ನೀರು ಕುಡಿದಾಗ ನಾಲಿಗೆಯ ತುದಿ ಚುರುಗುಟ್ಟುತ್ತಿದೆ...